ಗುಲಾಬಿ ಪ್ಯಾಂಟಿನ ಅಪ್ಪ

ಅಮೆರಿಕದ ಮಿಯಾಮಿ ನಗರದ ಬಾಸ್ಕೆಟ್‌ಬಾಲ್ ಕ್ರೀಡಾಂಗಣದ ಮುಂದೆ ಒಂದು ಕಂಚಿನ ಪ್ರತಿಮೆ ಉಂಟು. 2024ರ ಅಕ್ಟೋಬರಿನಲ್ಲಿ ಅದರ ಪರದೆ ಸರಿಸಿದಾಗ ನೆರೆದವರೆಲ್ಲ ಒಂದು ಗಳಿಗೆ ತಬ್ಬಿಬ್ಬು. ನಿಂತ ಭಂಗಿ ಅವನದೇ, ತೊಟ್ಟ ಬನಿಯನ್ ಅವನದೇ, ಅದರ ಮೇಲಿನ 3ನೇ ನಂಬರೂ ಅವನದೇ. ಮುಖ ಮಾತ್ರ ಬೇರೆ ಯಾರದೋ! ಮಾರನೇ ದಿನದ ಹೊತ್ತಿಗೆ ದೇಶವೆಲ್ಲ ಅದನ್ನು ನೋಡಿ ನಕ್ಕಿತು.

ಪ್ರತಿಮೆಯ ಧಣಿ ಡ್ವೈನ್ ವೇಡ್ ಸಿಟ್ಟಾಗಲಿಲ್ಲ. ನನ್ನ ಹಾಗೇ ಕಾಣಬೇಕು ಅಂತಿದ್ದರೆ ನಾನೇ ಹೋಗಿ ಅಲ್ಲಿ ನಿಂತುಬಿಡ್ತಿದ್ದೆ ಎಂಬರ್ಥದ ಮಾತಾಡಿ, ತಾನೂ ನಕ್ಕ.

ನಗುವವರು ನಗಲಿ ಅನ್ನುವ ಈ ಗುಣ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಅರ್ಧ ಆಟದ ಅಂಗಳದಲ್ಲಿ ಕಲಿತ. ಉಳಿದರ್ಧ ಕಲಿಸಿದವರು ಅವನ ಮಕ್ಕಳು. ಆಟ, ಅಪ್ಪತನ, ಬಟ್ಟೆಬರೆ – ಈ ಮೂರರ ಬಗ್ಗೆ ವೇಡ್ ಪುಸ್ತಕದಲ್ಲಿ, ಸಂದರ್ಶನಗಳಲ್ಲಿ, ವೇದಿಕೆಗಳಲ್ಲಿ ಹೇಳಿಕೊಂಡದ್ದು ಬೇಕಾದಷ್ಟಿದೆ. ಮೂರೂ ಬೇರೆ ಬೇರೆ ಅಂತ ಕಂಡರೂ ಕೊನೆಗೆ ಬಂದು ಸೇರುವುದು ಒಂದೇ ಮನೆಯ ಬಾಗಿಲಿಗೆ.

ಸಿನಿಮಾಕ್ಕೆ ಅಂತ ಹೊರಟವನು

ವೇಡ್ ಹುಟ್ಟಿದ್ದು 1982ರ ಜನವರಿ 17ರಂದು, ಷಿಕಾಗೋ ನಗರದ ದಕ್ಷಿಣ ಭಾಗದಲ್ಲಿ. ಬಡತನವೂ ಇತ್ತು, ಬೀದಿ ಬೀದಿಯಲ್ಲಿ ಮಾದಕ ವಸ್ತುವೂ ಸಿಗುತ್ತಿತ್ತು. ಅವನು ಕೈಗೂಸಾಗಿದ್ದಾಗಲೇ ಅಪ್ಪ ಅಮ್ಮ ಬೇರೆಯಾದರು. ತಾಯಿ ಜೋಲಿಂಡಾ ಮಾದಕ ವಸ್ತುವಿನ ಚಟಕ್ಕೆ ಬಿದ್ದಳು.

ಎಂಟು ವರ್ಷದ ಹುಡುಗನನ್ನು ಒಂದು ದಿನ ಅಕ್ಕ ಟ್ರಾಜಿಲ್ 'ಬಾ, ಸಿನಿಮಾಕ್ಕೆ ಹೋಗೋಣ' ಅಂತ ಹೊರಡಿಸಿದಳು. ಹುಡುಗ ಕುಣಿದುಕೊಂಡು ಹೋದ. ಸಿನಿಮಾ ಇಲ್ಲ, ಗಿನಿಮಾ ಇಲ್ಲ. ಕರೆದುಕೊಂಡು ಹೋದದ್ದು ಅಪ್ಪನ ಮನೆಗೆ. ಅಲ್ಲಿ ಬಿಟ್ಟು ಅಕ್ಕ ವಾಪಸು ಬಂದುಬಿಟ್ಟಳು. ಅವಳೂ ಆಗ ಇನ್ನೂ ಹುಡುಗಿಯೇ. ತಮ್ಮನ ಬದುಕು ಉಳಿಯಬೇಕಾದರೆ ಅವನು ಆ ಬೀದಿ ಬಿಡಬೇಕು ಅಂತ ಅವಳಿಗೆ ಗೊತ್ತಾಗಿತ್ತು. ಆ ಸುಳ್ಳೇ ತನ್ನನ್ನು ಕಾಪಾಡಿತು ಅಂತ ವೇಡ್ ಇವತ್ತಿಗೂ ನೆನೆಯುತ್ತಾನೆ.

ಅಪ್ಪ ಸೈನ್ಯದಲ್ಲಿದ್ದು ಬಂದವರು. ಮಾತು ಕಡಿಮೆ, ಶಿಸ್ತು ಜಾಸ್ತಿ. ಮುದ್ದು ಅನ್ನೋದು ಆ ಮನೆಯಲ್ಲಿ ಅಪರೂಪ. ಆದರೆ ಹುಡುಗನ ಕೈಗೆ ಚೆಂಡು ಕೊಟ್ಟವರು, ಹಿತ್ತಿಲಲ್ಲಿ ನಿಲ್ಲಿಸಿ ಆಟ ಕಲಿಸಿದವರು ಅವರೇ. ಬಿದ್ದರೆ ಎತ್ತುವುದಿಲ್ಲ, ನೀನೇ ಏಳು – ಅದು ಆ ಮನೆಯ ಪಾಠ.

ಶಾಲೆ ಮುಗಿಸಿದಾಗ ಅವನನ್ನು ಕೇಳಿಕೊಂಡು ಬಂದ ಕಾಲೇಜುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಪ್ರವೇಶ ಪರೀಕ್ಷೆಯಲ್ಲಿ ಅಂಕ ಸಾಲದು. ಮಾರ್ಕೆಟ್ ವಿಶ್ವವಿದ್ಯಾಲಯ ಸೇರಿಸಿಕೊಂಡರೂ ನಿಯಮದ ಪ್ರಕಾರ ಮೊದಲ ವರ್ಷ ಒಂದು ಪಂದ್ಯವನ್ನೂ ಆಡುವ ಹಾಗಿಲ್ಲ. ಜೊತೆಯವರು ಆಡುವಾಗ ಇವನು ಬೆಂಚಿನ ಮೇಲೆ. ಓದಿನಲ್ಲಿ ಹಿಂದೆ ಬಿದ್ದ ಹುಡುಗನ ಕಥೆ ಸಾಮಾನ್ಯವಾಗಿ ಅಲ್ಲಿಗೆ ಮುಗೀತದೆ. ಇವನದು ಮುಗಿಯಲಿಲ್ಲ. 2003ರಲ್ಲಿ ಬಲಿಷ್ಠ ಕೆಂಟಕಿ ತಂಡದ ಎದುರು 29 ಅಂಕ ಹೊಡೆದು, ತನ್ನ ಕಾಲೇಜನ್ನು ದೇಶದ ಕೊನೆಯ ನಾಲ್ಕು ತಂಡಗಳ ಸುತ್ತಿಗೆ ತಲುಪಿಸಿದ. ಅದೇ ವರ್ಷ ವೃತ್ತಿ ತಂಡಗಳು ಹುಡುಗರನ್ನು ಆರಿಸುವಾಗ ಮಿಯಾಮಿ ಹೀಟ್ ತಂಡ ಇವನನ್ನು ಐದನೆಯವನಾಗಿ ಎತ್ತಿಕೊಂಡಿತು.

ಅಷ್ಟರಲ್ಲೇ ಅವನು ಅಪ್ಪನಾಗಿದ್ದ! 2002ರಲ್ಲಿ, ಕಾಲೇಜಿನಲ್ಲಿದ್ದಾಗಲೇ, ದೊಡ್ಡ ಮಗ ಝೈರ್ ಹುಟ್ಟಿದ್ದ. ಅಪ್ಪನ ವಯಸ್ಸು ಇಪ್ಪತ್ತು.

ಗೆದ್ದವನೇ ಹಿಂದೆ ಸರಿದ

ಆರೂವರೆ, ಏಳು ಅಡಿ ಆಳುಗಳ ನಡುವೆ ಆರು ಅಡಿ ನಾಲ್ಕಂಗುಲದವನು ಕುಳ್ಳನೇ ಸರಿ. ವೇಡ್ ಎತ್ತರವನ್ನು ನಂಬಲಿಲ್ಲ, ವೇಗವನ್ನು ನಂಬಿದ. ಸಂದಿ ಸಿಕ್ಕರೆ ಸಾಕು, ಎದುರಾಳಿಗಳ ನಡುವೆ ತೂರಿ, ಬಿದ್ದು, ಎದ್ದು, ಚೆಂಡನ್ನು ಬುಟ್ಟಿಗೆ ಹಾಕಿಯೇ ಬರುತ್ತಿದ್ದ.

2006ರ ಅಂತಿಮ ಸರಣಿ. ಏಳು ಪಂದ್ಯಗಳಲ್ಲಿ ನಾಲ್ಕು ಗೆದ್ದವರಿಗೆ ಪಟ್ಟ. ಮೊದಲ ಎರಡನ್ನೂ ಡಲ್ಲಾಸ್ ತಂಡ ಗೆದ್ದಿತ್ತು. ಮೂರನೆಯದರಲ್ಲೂ ಕೊನೆಯ ಏಳು ನಿಮಿಷವೂ ಉಳಿದಿಲ್ಲದಾಗ ಮಿಯಾಮಿ 13 ಅಂಕ ಹಿಂದೆ. ಆಗ ಎದ್ದ ನೋಡಿ ಈ ಪುಣ್ಯಾತ್ಮ! ಆ ಪಂದ್ಯವೊಂದರಲ್ಲೇ 42 ಅಂಕ. ಅದೂ ಸೇರಿ ಸಾಲಾಗಿ ನಾಲ್ಕು ಪಂದ್ಯ ಮಿಯಾಮಿ ಪಾಲು. ಇಡೀ ಸರಣಿಯಲ್ಲಿ ಪಂದ್ಯಕ್ಕೆ ಸರಾಸರಿ 34.7 ಅಂಕ. ವಯಸ್ಸು 24.

ಆದರೆ ಅವನ ಆಟದ ದೊಡ್ಡ ಪಾಠ ಆ ಗೆಲುವಿನಲ್ಲಿ ಇಲ್ಲ. 2010ರಲ್ಲಿ ಲೆಬ್ರಾನ್ ಜೇಮ್ಸ್ ಮಿಯಾಮಿಗೆ ಬಂದ. ಊರು ವೇಡ್‌ನದು, ತಂಡ ವೇಡ್‌ನದು. ಒಂದೇ ಅಂಗಡಿಯ ಗಲ್ಲಾಕ್ಕೆ ಇಬ್ಬರು ಯಜಮಾನರಾದರೆ ಏನಾದೀತು? ಅದೇ ಆಯಿತು. 2011ರ ಅಂತಿಮ ಸರಣಿಯಲ್ಲಿ ಅದೇ ಡಲ್ಲಾಸ್ ಎದುರು ಸೋಲು. ಆ ಸೋಲಿನ ನಂತರ ವೇಡ್ ತಾನಾಗಿಯೇ ಲೆಬ್ರಾನ್‌ಗೆ ಹೇಳಿದ: ಇನ್ನು ಮುಂದಾಳು ನೀನೇ, ನನ್ನ ಬಗ್ಗೆ ಯೋಚನೆ ಮಾಡಬೇಡ. 2012, 2013 – ಎರಡೂ ವರ್ಷ ಪಟ್ಟ ಮಿಯಾಮಿಗೇ ಬಂತು.

ಕಟ್ಟಿದವನೇ ಬದಿಗೆ ಸರಿದು ಇನ್ನೊಬ್ಬನಿಗೆ ಜಾಗ ಕೊಡೋದು ಸುಲಭವಲ್ಲ. ಮಗ ಅಂಗಡಿಗೆ ಬಂದು ಕೂತಮೇಲೂ ಬೀಗದ ಕೈ ಸೊಂಟದಿಂದ ಬಿಚ್ಚದ ಅಪ್ಪಂದಿರು ಪೇಟೆಯಲ್ಲಿ ಎಷ್ಟಿಲ್ಲ!

ಕೋರ್ಟಿನಿಂದ ಕೋರ್ಟಿಗೆ

ಹೊರಗೆ ಚಪ್ಪಾಳೆ ಬೀಳುತ್ತಿದ್ದ ಅದೇ ಹೊತ್ತಿಗೆ ಒಳಗೆ ಮನೆ ಮುರಿದಿತ್ತು. 2010ರಲ್ಲಿ ವಿಚ್ಛೇದನ. ಮಕ್ಕಳಿಗಾಗಿ ದೀರ್ಘ ವ್ಯಾಜ್ಯ. ಒಂದು ಕಡೆ ಆಟದ ಕೋರ್ಟು, ಇನ್ನೊಂದು ಕಡೆ ಕಾನೂನಿನ ಕೋರ್ಟು. 2011ರ ಮಾರ್ಚಿನಲ್ಲಿ ಇಬ್ಬರು ಮಕ್ಕಳೂ ಅವನ ಪಾಲಿಗೆ ಬಂದರು. ಜೊತೆಗೆ ಅಕ್ಕನ ಮಗನೊಬ್ಬನನ್ನೂ ಮನೆಯಲ್ಲೇ ಇಟ್ಟು ಸಾಕಿದ.

2012ರಲ್ಲಿ ಅವನ ಪುಸ್ತಕ ಬಂತು. ಹೆಸರು 'ಎ ಫಾದರ್ ಫಸ್ಟ್', ಅಂದರೆ ಮೊದಲು ಅಪ್ಪ, ಆಮೇಲೆ ಉಳಿದದ್ದು. ತನಗೆ ಬಾಲ್ಯದಲ್ಲಿ ಸಿಗದೇ ಹೋದದ್ದನ್ನು ಮಕ್ಕಳಿಗೆ ಕೊಡುವ ಹಟ ಅದರಲ್ಲಿ ಎದ್ದು ಕಾಣುತ್ತದೆ.

ಇಷ್ಟೆಲ್ಲ ಹೇಳಿ ಅವನನ್ನು ಸಂತ ಮಾಡುವುದೂ ಬೇಡ. ನಟಿ ಗೇಬ್ರಿಯೆಲ್ ಯೂನಿಯನ್ ಜೊತೆಗಿನ ಸಂಬಂಧ ನಡುವೆ ಕಡಿದಿದ್ದ ಕಾಲದಲ್ಲಿ ಬೇರೊಬ್ಬಾಕೆಯಿಂದ ಅವನಿಗೆ ಮಗನಾಯಿತು. ವರ್ಷ 2013. ಮರುವರ್ಷ ಮದುವೆಯಾದದ್ದು ಗೇಬ್ರಿಯೆಲ್‌ಳನ್ನೇ. ಆ ಸುದ್ದಿಯನ್ನು ಆಕೆಗೆ ತಿಳಿಸುವುದು ಯಾವ ಪಂದ್ಯಕ್ಕಿಂತಲೂ ಕಷ್ಟದ ಕೆಲಸವಾಗಿತ್ತು ಅಂತ ತನ್ನ ಮೇಲಿನ ಸಾಕ್ಷ್ಯಚಿತ್ರದಲ್ಲಿ ಅವನೇ ಒಪ್ಪಿಕೊಂಡ. 2018ರ ನವೆಂಬರಿನಲ್ಲಿ ಇವರಿಬ್ಬರಿಗೆ ಬಾಡಿಗೆ ತಾಯಿಯ ಮೂಲಕ ಮಗಳು ಕಾವಿಯಾ ಹುಟ್ಟಿದಳು. ಅದು ವೇಡ್‌ನ ಕೊನೆಯ ಆಟದ ವರ್ಷ. ಆದರೂ ಹಲವು ಪಂದ್ಯ ಬಿಟ್ಟು ಕೂಸಿನ ಹತ್ತಿರ ಉಳಿದ.

ಬಟ್ಟೆಯ ಕಾನೂನು

ಈಗ ಬಟ್ಟೆಯ ವಿಷಯ. 2005ರಲ್ಲಿ ಅಮೆರಿಕದ ವೃತ್ತಿ ಬಾಸ್ಕೆಟ್‌ಬಾಲ್ ಸಂಘ ಎನ್‌ಬಿಎ ಒಂದು ಕಟ್ಟಳೆ ತಂದಿತು. ಆಟಗಾರರು ತಂಡದ ಕೆಲಸಕ್ಕೆ ಬರುವಾಗ ಕಚೇರಿಗೆ ಹೋಗುವವರ ಹಾಗೆ ಮರ್ಯಾದಸ್ಥ ಉಡುಪು ಹಾಕಬೇಕು. ತಲೆವಸ್ತ್ರ, ಅಂಗಿ ಮೇಲೆ ದಪ್ಪ ಸರ, ತೋಳಿಲ್ಲದ ಬನಿಯನ್ – ಯಾವುದೂ ನಡೆಯದು. ಕರಿಯ ಹುಡುಗರ ಬೀದಿ ಉಡುಪನ್ನೇ ಗುರಿಯಿಟ್ಟ ಕಾನೂನು ಇದು ಅಂತ ಹಲವು ಆಟಗಾರರು ಗೊಣಗಿದರು.

ಆಮೇಲೆ ನಡೆದದ್ದು ತಮಾಷೆ. ಸೂಟು ಹಾಕಬೇಕಾ, ಹಾಕ್ತೇವೆ, ಆದರೆ ನಮ್ಮಿಷ್ಟದ ಸೂಟು ಅಂದರು ಹುಡುಗರು! ಬಸ್ಸಿಳಿದು ಬಟ್ಟೆ ಬದಲಿಸುವ ಕೋಣೆಗೆ ಹೋಗುವ ಸಿಮೆಂಟಿನ ಓಣಿಯೇ ಫ್ಯಾಷನ್ ಮೆರವಣಿಗೆಯ ದಾರಿಯಾಯಿತು. ಆ ಮೆರವಣಿಗೆಯ ಮುಂಚೂಣಿಯಲ್ಲಿ ವೇಡ್. ಬಟ್ಟೆ ಆರಿಸಿಕೊಡುವುದಕ್ಕೇ ಒಬ್ಬಾಕೆಯನ್ನು ಇಟ್ಟುಕೊಂಡ. ಚಿಟ್ಟೆ ಟೈ, ಬಿಗಿ ಕೋಟು, ಕಣಕಾಲ ಮೇಲೆ ನಿಲ್ಲುವ ಪ್ಯಾಂಟು. 2012ರ ಪಂದ್ಯಾವಳಿಯ ಸಮಯದಲ್ಲಿ ತೊಟ್ಟ ಗುಲಾಬಿ ಬಣ್ಣದ ಪ್ಯಾಂಟಂತೂ ಊರೆಲ್ಲ ಸುದ್ದಿ. ಗಂಡಸು ಹಾಕೋ ಬಣ್ಣವಾ ಇದು ಅಂತ ನಕ್ಕವರು ನಕ್ಕರು. ಅವನು ಬಿಡಲಿಲ್ಲ. ಕಾಲುಚೀಲ, ಟೈ, ಬೂಟು ಎಲ್ಲಕ್ಕೂ ಅವನ ಹೆಸರಿನ ಮಾಲು ಅಂಗಡಿಗೆ ಬಂತು. ಚೀನಾದ ಲಿ-ನಿಂಗ್ ಕಂಪನಿ 2012ರಿಂದ ಅವನ ಹೆಸರಲ್ಲಿ ಬೂಟು ಹೊಲಿಯಿತು. ಈಚೆಗೆ ಉಗುರಿಗೆ ಬಣ್ಣ ಹಚ್ಚಿಕೊಂಡೂ ಸಭೆಗೆ ಬಂದದ್ದುಂಟು.

ಬಣ್ಣದ ಬಟ್ಟೆ ಹಾಕಿ ನಗೆಪಾಟಲಾಗೋದು ಒಂದು ತರಹದ ಧೈರ್ಯ. ಆದರೆ ಅದು ತನ್ನ ಮೈಮೇಲಿನ ಬಟ್ಟೆ, ತನ್ನ ದುಡ್ಡು. ನಿಜವಾದ ಪರೀಕ್ಷೆ ಕಾದಿದ್ದು ಮನೆಯೊಳಗೆ.

ಮಗುವಿನ ಅಳತೆ

ಹಬ್ಬದ ಮುಂಚೆ ದರ್ಜಿ ಅಂಗಡಿಗೆ ಮಗನನ್ನು ಕರೆದೊಯ್ದ ಅಪ್ಪ ಹೇಳೋದೇನು? 'ಬೆಳೆಯೋ ಹುಡುಗ, ಎರಡಿಂಚು ಬಿಟ್ಟು ಹೊಲೀರಿ.' ಅಳತೆ ಅಪ್ಪ ಹೇಳಿದ್ದು, ಬಟ್ಟೆ ಅಪ್ಪ ಆರಿಸಿದ್ದು. ಹುಡುಗ ಅದರೊಳಗೆ ಬೆಳೆಯಬೇಕು, ಅಷ್ಟೆ. ಆದರೆ ಮಗು ಆ ಅಂಗಿಗೆ ಒಗ್ಗದೇ ಹೋದರೆ?

ವೇಡ್‌ನ ಎರಡನೆಯ ಮಗು 2007ರಲ್ಲಿ ಹುಟ್ಟಿದ್ದು, ಗಂಡು ಅಂತ ಬರೆಸಿ ಬೆಳೆದದ್ದು. ಮೂರು ವರ್ಷದ ವಯಸ್ಸಿನಲ್ಲೇ ಈ ಮಗು ಬೇರೆ ಹುಡುಗರ ಹಾಗಲ್ಲ ಅಂತ ಅಪ್ಪನಿಗೆ ಗೊತ್ತಾಗತೊಡಗಿತ್ತು. ಆಗ ಕನ್ನಡಿಯ ಮುಂದೆ ನಿಂತು, ನಾಳೆ ಈ ಮಗು ಬಂದು ತಾನು ಬೇರೆ ಅಂತ ಹೇಳಿದರೆ ನೀನು ಏನು ಮಾಡ್ತೀಯ, ಎಂಥ ಗಂಡಸು ನೀನು, ಅಂತ ತನ್ನನ್ನೇ ಕೇಳಿಕೊಂಡೆ ಎಂದು ವೇಡ್ ಮುಂದೆ ಹೇಳಿದ. ಆಟಗಾರರ ಕೋಣೆಯಲ್ಲಿ ಇಂಥವರನ್ನು ಆಡಿಕೊಂಡು ನಗುವ ಮಾತಿನ ನಡುವೆಯೇ ಬೆಳೆದವನು ತಾನು, ತನಗೂ ಅಜ್ಞಾನವಿತ್ತು ಅಂತಲೂ ಮುಚ್ಚಿಡಲಿಲ್ಲ.

ಹನ್ನೆರಡನೇ ವಯಸ್ಸಿನಲ್ಲಿ ಮಗು ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೇಳಿತು: ನಾನು ಹುಡುಗಿ, ನನ್ನನ್ನು ಝಾಯಾ ಅಂತ ಕರೆಯಿರಿ. 2020ರ ಫೆಬ್ರವರಿಯಲ್ಲಿ ವೇಡ್ ಟಿವಿಯಲ್ಲಿ ಕೂತು ಅದನ್ನು ದೇಶಕ್ಕೇ ತಿಳಿಸಿದ. ಬೈದವರಿಗೆ ಲೆಕ್ಕವಿಲ್ಲ. ಗುಲಾಬಿ ಪ್ಯಾಂಟಿಗೆ ಬಂದದ್ದು ನಗು, ಇದಕ್ಕೆ ಬಂದದ್ದು ವಿಷ. ಹೆಸರು ಬದಲಿಸುವ ಅರ್ಜಿಗೆ ಹೆತ್ತ ತಾಯಿಯೇ ನ್ಯಾಯಾಲಯದಲ್ಲಿ ಆಕ್ಷೇಪ ಎತ್ತಿದ್ದಳು. ವಯಸ್ಸು ಇನ್ನೂ ಚಿಕ್ಕದು, ದೊಡ್ಡವಳಾದ ಮೇಲೆ ನಿರ್ಧರಿಸಲಿ ಅನ್ನುವುದು ಆಕೆಯ ವಾದ. 2023ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ಹೆಸರು ಮತ್ತು ಲಿಂಗ ಎರಡನ್ನೂ ದಾಖಲೆಯಲ್ಲಿ ಬದಲಿಸಲು ಒಪ್ಪಿಗೆ ಕೊಟ್ಟಿತು.

ಅದೇ ವರ್ಷ ವೇಡ್ ಇನ್ನೊಂದು ವಿಷಯ ಬಾಯಿಬಿಟ್ಟ. ತನ್ನ ಹೆಸರನ್ನು ಮೆರೆಸಿದ ಫ್ಲಾರಿಡಾ ರಾಜ್ಯವನ್ನು ತಾನು ಬಿಟ್ಟು ಬಂದ ಕಾರಣಗಳಲ್ಲಿ ಇದೂ ಒಂದು, ಅಲ್ಲಿ ತನ್ನ ಸಂಸಾರಕ್ಕೆ ಒಪ್ಪಿಗೆ ಸಿಗುವುದಿಲ್ಲ ಅಂತ. ಮಿಯಾಮಿ ಇರುವುದು ಆ ರಾಜ್ಯದಲ್ಲೇ. ಅಲ್ಲಿ ಈಗ ಅವನ ಪ್ರತಿಮೆ ಇದೆ, ಅವನ ಮನೆಯವರು ಇಲ್ಲ.

ದೊಡ್ಡ ಮಗ ಝೈರ್ ಮಾತ್ರ ಅಪ್ಪನ ಹಾದಿ ಹಿಡಿದ. 2019ರಲ್ಲಿ ನಿವೃತ್ತನಾದ ಮೇಲೆ ವೇಡ್ ಶಾಲಾ ಪಂದ್ಯಗಳಲ್ಲಿ ಇತರ ಅಪ್ಪಂದಿರ ನಡುವೆ ಕೂತು ಮಗನ ಆಟ ನೋಡಿದ. ಅಪ್ಪನ ಹೆಸರಿನ ಅಂಗಿ ಮಗನಿಗೆ ಎಷ್ಟು ಭಾರ ಅಂತ ಅವನಿಗೆ ಗೊತ್ತು. ಒಬ್ಬನಿಗೆ ಆ ಅಂಗಿ ಬೇಕು, ಇನ್ನೊಬ್ಬಳಿಗೆ ಬೇಡ. ಎರಡನ್ನೂ ಒಪ್ಪುವುದೇ ಅಪ್ಪನ ಕೆಲಸ ಅನ್ನುವುದು ವೇಡ್‌ನ ನಡೆಯಲ್ಲೇ ಕಾಣುತ್ತದೆ.

ಅಮ್ಮನ ನಿಲುವಂಗಿ, ಅಪ್ಪನ ಕೈ

ತಾಯಿ ಜೋಲಿಂಡಾ ಏನಾದಳು? ಜೈಲು ಕಂಡಳು, ತಲೆಮರೆಸಿಕೊಂಡಳು. 2001ರಲ್ಲಿ ಚಟ ಬಿಟ್ಟಳು, ತಾನೇ ಹೋಗಿ ಶರಣಾಗಿ ಉಳಿದ ಶಿಕ್ಷೆ ಮುಗಿಸಿ 2003ರಲ್ಲಿ ಹೊರಬಂದಳು. ಆಮೇಲೆ ಧರ್ಮಬೋಧಕಿಯಾದಳು. 2008ರಲ್ಲಿ ಮಗ ಅವಳಿಗೆ ಒಂದು ಚರ್ಚು ಕಟ್ಟಡವನ್ನೇ ಕೊಡಿಸಿದ. ಕೊನೆಯ ಆಟದ ವರ್ಷ ವೇಡ್ ಎದುರಾಳಿಗಳ ಜೊತೆ ಅಂಗಿ ಬದಲಾಯಿಸಿಕೊಳ್ಳುತ್ತಿದ್ದ. ಅದನ್ನೇ ಇಟ್ಟುಕೊಂಡು 2019ರಲ್ಲಿ ಒಂದು ಜಾಹೀರಾತು ಬಂತು. ಅವನಿಂದ ನೆರವು ಪಡೆದವರು ಒಬ್ಬೊಬ್ಬರಾಗಿ ತಮ್ಮ ಬಟ್ಟೆ ತಂದು ಅವನಿಗೆ ಕೊಡುತ್ತಾರೆ. ಕೊನೆಯಲ್ಲಿ ಬಂದವಳು ಅಮ್ಮ. ಕೊಟ್ಟದ್ದು ಚರ್ಚಿನಲ್ಲಿ ತೊಡುವ ನಿಲುವಂಗಿ. ಎಷ್ಟೋ ದುಬಾರಿ ಬಟ್ಟೆ ತೊಟ್ಟವನ ಕಣ್ಣಲ್ಲಿ ನೀರು.

2023ರ ಆಗಸ್ಟಿನಲ್ಲಿ ಬಾಸ್ಕೆಟ್‌ಬಾಲ್‌ನ ಅತಿ ದೊಡ್ಡ ಗೌರವ ಸಂದಾಗ ಭಾಷಣದ ಕೊನೆಗೆ ವೇಡ್ ಅಪ್ಪನನ್ನು ವೇದಿಕೆಗೆ ಕರೆದ. ಹಿತ್ತಿಲಲ್ಲಿ ಗದರಿ ಆಟ ಕಲಿಸಿದ ಆ ಅಪ್ಪ ಬಂದು ಮಗನ ಪಕ್ಕ ನಿಂತರು. ಈ ಗೌರವ ನಮ್ಮಿಬ್ಬರದೂ ಅಂದ ಮಗ.

ಅದಾಗಿ ನಾಲ್ಕೇ ತಿಂಗಳಿಗೆ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಗಡ್ಡೆ. ಬಲ ಮೂತ್ರಪಿಂಡದ ಸುಮಾರು ಶೇ. 40 ಭಾಗ ಕತ್ತರಿಸಿ ತೆಗೆದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಗುಟ್ಟಾಗಿಟ್ಟು 2025ರ ಜನವರಿಯಲ್ಲಿ ಹೊರಗೆ ಹೇಳಿದ. ಅವನನ್ನು ಕುಗ್ಗಿಸಿದ್ದು ನೋವಿಗಿಂತ ಹೆಚ್ಚಾಗಿ, ಹೆಂಡತಿ ಮಕ್ಕಳ ಎದುರು ನಡೆಯಲಾರದೆ ಕೂರಬೇಕಾಗಿ ಬಂದದ್ದು. ಅಪ್ಪ ಅನ್ನಿಸಿಕೊಂಡವನು ಬಲಹೀನ ಅಂತ ಮನೆಯವರಿಗೆ ಕಾಣಬಾರದು ಅನ್ನೋ ಹಳೇ ಬಿಗುಮಾನ. ಅವನ ಅಪ್ಪನಿಂದ ಬಂದದ್ದು, ಎಲ್ಲ ಅಪ್ಪಂದಿರಿಗೂ ಗೊತ್ತಿರುವುದು. ಆದರೆ ಅದೇ ಹೊತ್ತಿನಲ್ಲಿ ಮನೆಯವರೆಲ್ಲ ಬಂದು ಸುತ್ತ ನಿಂತರು. ತನ್ನ ಬಲ ಎಲ್ಲಿದೆ ಅಂತ ಗೊತ್ತಾದದ್ದು ಆಗಲೇ ಅಂತ ವೇಡ್ ಹೇಳಿಕೊಂಡ.

'ಬಿದ್ದರೆ ನೀನೇ ಏಳು' ಅಂತ ಕಲಿತು ಬೆಳೆದ ಹುಡುಗನನ್ನು ನಲವತ್ತು ದಾಟಿದ ಮೇಲೆ ಮಕ್ಕಳೇ ಕೈಹಿಡಿದು ಎಬ್ಬಿಸಿದ್ದರು.