ಜಗಲಿಯ ಗೋಡೆಗೆ ಬಂದ ಸಮುರಾಯ್

ಮೇಳಿಗೆಯ ನಮ್ಮ ಮನೆಯಲ್ಲಿ ಮಳೆಗಾಲದ ಬೆಳಕು ಜಗಲಿಯ ಅಂಚಿನ ತನಕ ಬಂದು ನಿಂತುಬಿಡುತ್ತದೆ, ಒಳಗೆಲ್ಲ ಮಬ್ಬು. ಆ ಮಬ್ಬಿನಲ್ಲೂ ಗೋಡೆಯ ಮೇಲೆ ಎದ್ದು ಕಾಣುವುದು ಒಂದು ಅಂಗಿಯ ಅಂಚು: ಗರಗಸದ ಹಲ್ಲಿನ ಹಾಗೆ ಕಪ್ಪು, ಬಿಳಿ ತ್ರಿಕೋನಗಳ ಸಾಲು. ಅಂಗಿ ತೊಟ್ಟವನು ಒಬ್ಬ ಸಮುರಾಯ್. ಒಂದು ಕಾಲು ಮುಂದಿಟ್ಟು, ಸೊಂಟ ತಿರುಚಿ, ತುಟಿ ಬಿಗಿದು, ಓರೆಗಣ್ಣಲ್ಲಿ ಶತ್ರುವನ್ನು ಅಳೆಯುತ್ತಿದ್ದಾನೆ. ಹಿಂದೆ ಮನೆಯಿಲ್ಲ, ಮರವಿಲ್ಲ, ಬರೀ ಖಾಲಿ ಕಾಗದ. ತಲೆಯ ಮೇಲೆ ಒತ್ತೊತ್ತಾಗಿ ಇಳಿದ ಜಪಾನಿ ಅಕ್ಷರಗಳಲ್ಲಿ ಅವನ ಚರಿತ್ರೆ.

ಜಪಾನಿನ ಚಿತ್ರಕಾರ ಉತಾಗಾವಾ ಕುನಿಯೋಶಿ 1847ರ ಸುಮಾರಿಗೆ ಹೊರತಂದ ಚಿತ್ರಮಾಲಿಕೆಯ ಒಂದು ಹಾಳೆಯ ಮರುಮುದ್ರಣ ಇದು. ಒಡೆಯನ ಸಾವಿಗೆ ಸೇಡು ತೀರಿಸಿಕೊಂಡ 47 ಸಮುರಾಯ್‌ಗಳ ಕಥೆ. ಸರ್ಕಾರದ ಅಪ್ಪಣೆಯಂತೆ 1703ರಲ್ಲಿ ಅವರಲ್ಲಿ 46 ಮಂದಿ ತಮ್ಮ ಹೊಟ್ಟೆ ತಾವೇ ಬಗೆದುಕೊಂಡು ಸತ್ತರು. ನಿಜ ಹೆಸರು ಹಾಕುವಂತಿರಲಿಲ್ಲ. ಹಾಗಾಗಿ ಮುಂದಾಳು ಓಯಿಶಿ ಕುರಾನೊಸುಕೆ ಮಾಲಿಕೆಯಲ್ಲಿ ಓಬೊಶಿ ಯುರಾನೊಸುಕೆ ಆದ. ನಾಟಕದವರು ಆ ಹೆಸರನ್ನು ಮೊದಲೇ ಬಳಕೆಗೆ ತಂದಿದ್ದರು. 1748ರಲ್ಲಿ ಬೊಂಬೆಯಾಟವಾಗಿ ರಂಗಕ್ಕೆ ಬಂದ ಕಥೆ ಬೇಗನೆ ಕಬುಕಿ ರಂಗಭೂಮಿಗೂ ಹೋಯಿತು. ಕಬುಕಿಯ ನಟ ಆವೇಶದ ತುದಿಯಲ್ಲಿ ಕ್ಷಣಹೊತ್ತು ಕದಲದೆ ನಿಲ್ಲುತ್ತಾನೆ. ಆ ನಿಲುವಿನ ಸೊಗಸೇ ಈ ಹಾಳೆಯಲ್ಲೂ ಇದೆ. ಬೆಳಗಿನ ಜಾವದ ತನಕ ಮೇಳದ ಆಟ ನೋಡಿ ಬೆಳೆದ ನಮ್ಮ ಸೀಮೆಯವರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ.

ಬಂದವರು ಮಾತ್ರ ಕೇಳುವುದು ಒಂದೇ: “ಇದು ಒರಿಜಿನಲ್ಲಾ ಮಾರಾಯ್ರೇ?”

ಮರದ ಅಚ್ಚಿನ ಈ ಕಲೆಯ ವಿಷಯದಲ್ಲಿ ಆ ಪ್ರಶ್ನೆಗೇ ನೆಲೆಯಿಲ್ಲ ಅನ್ನುತ್ತೇನೆ ನಾನು. ಚಿತ್ರಕಾರ ತೆಳು ಕಾಗದದ ಮೇಲೆ ಗೆರೆ ಎಳೆದು ಕೊಡುತ್ತಿದ್ದ. ಕೆತ್ತುವವನು ಆ ಕಾಗದವನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಕಾಗದದ ಸಮೇತ ಕೆತ್ತುತ್ತಿದ್ದ. ಗೆರೆ ಮರದಲ್ಲಿ ಮೂಡುವ ಹೊತ್ತಿಗೆ ಚಿತ್ರಕಾರನ ಕಾಗದ ನಾಶವಾಗಿರುತ್ತಿತ್ತು. ಆಮೇಲೆ ಬಣ್ಣಗಳಿಗೆ ಬೇರೆ ಬೇರೆ ಹಲಗೆ. ಒಂದರ ಮೇಲೊಂದು ಸರಿಯಾಗಿ ಕೂರಲೆಂದು ಮೂಲೆಯಲ್ಲಿ, ಅಂಚಿನಲ್ಲಿ ಕಚ್ಚು. ಅಚ್ಚು ಹಾಕುವವನು ಬಿದಿರಿನ ಹಾಳೆ ಸುತ್ತಿದ ದುಂಡನೆಯ ಬಿಲ್ಲೆಯಿಂದ ಕಾಗದದ ಬೆನ್ನು ತಿಕ್ಕುತ್ತಿದ್ದ. ಕುನಿಯೋಶಿಯ ಕಾಲದಲ್ಲೇ ಮನೆಮನೆಗೆ ಹೋದದ್ದೆಲ್ಲ ಪ್ರತಿಗಳೇ. ಒಂದು ಬಟ್ಟಲು ನೂಡಲ್ಸಿನ ಆಸುಪಾಸಿನ ಬೆಲೆಗೆ ಸಿಗುತ್ತಿದ್ದ ಹಾಳೆಗಳು ಅವು, ಪೇಟೆಯ ಸಾಮಾನ್ಯರು ಕೊಂಡವು.

ನಮ್ಮ ಕಡೆಯ ಮನೆಗಳಿಗೆ ಲಕ್ಷ್ಮಿ, ಸರಸ್ವತಿಯರು ಬಂದದ್ದೂ ಅಚ್ಚಿನ ದಾರಿಯಲ್ಲೇ. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಮುದ್ರಣಾಲಯ ತೆರೆಯದೇ ಹೋಗಿದ್ದರೆ ಅರಮನೆಯ ಚಿತ್ರ ರೈತನ ಗೋಡೆಗೆ ಇಳಿಯುತ್ತಿತ್ತೇ? ಅವಕ್ಕಾದರೂ ಹಿಂದೆ ಒಂದು ತೈಲಚಿತ್ರ ಇತ್ತು. ಸಮುರಾಯ್‌ಗೆ ಅದೂ ಇಲ್ಲ.

ಹಾಗಂತ ಎಲ್ಲ ಮರುಮುದ್ರಣವೂ ಒಂದೇ ತೂಕದ್ದಲ್ಲ. ಟೋಕಿಯೊದಲ್ಲಿ ಇವತ್ತಿಗೂ ಹಲಗೆಯನ್ನು ಹೊಸದಾಗಿ ಕೆತ್ತಿ ಕೈಯಿಂದಲೇ ಅಚ್ಚು ಹಾಕುವವರಿದ್ದಾರೆ. ಅಂಥ ಹಾಳೆ ತಿರುವಿದರೆ ಬೆನ್ನಿನಲ್ಲಿ ಬಣ್ಣ ಇಂಗಿದ್ದು, ತಿಕ್ಕಿದ ಸುಳಿ ಕಾಣುತ್ತದೆ. ನಮ್ಮದು ಯಂತ್ರದ್ದು. ಭೂತಗನ್ನಡಿ ಹಿಡಿದರೆ ಅಂಗಿಯ ನೀಲಿ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆಯುತ್ತದೆ, ಬೆನ್ನು ಬೋಳು. ಆದರೂ ಭುಜದಿಂದ ಮೊಣಕೈಗೆ ಒಂದೇ ಉಸಿರಿನಲ್ಲಿ ಇಳಿದ ಆ ಗೆರೆಯ ಬಿಗುವು ಎಲ್ಲಿಯೂ ಸಡಿಲವಾಗಿಲ್ಲ. ನನಗೆ ಬೇಕಾದದ್ದು ಅದು.

ಆಷಾಢದ ಥಂಡಿಗೆ ಕಾಗದ ಬೂಷ್ಟು ಹಿಡಿಯುತ್ತದೆಂದು ಚೌಕಟ್ಟಿನ ಹಿಂದೆ ಬೆಂಡಿನ ತುಂಡು ಕೊಟ್ಟು, ಗೋಡೆಗೆ ತಾಗದಂತೆ ತೂಗುಹಾಕಿದ್ದೇವೆ. ಅಷ್ಟರ ಮೇಲೂ ಹಿಡಿದರೆ ಇನ್ನೊಂದು ಪ್ರತಿ ತರಿಸುವುದೇ.