ಗಂಡಸರು ಹೇಳಿಕೊಳ್ಳದ ತೊಂದರೆ



ನಮ್ಮ ಮನೆಯ ಹಿರಿಯ ಗಂಡಸರನ್ನು ಸ್ವಲ್ಪ ಗಮನಿಸೋಣ. ರಾತ್ರಿ ಮೂರು ನಾಲ್ಕು ಸಲ ಒಂದಕ್ಕೆ ಏಳುತ್ತಾರಾ? ಹೋದರೆ ಬಹಳ ಹೊತ್ತು ನಿಲ್ಲುತ್ತಾರಾ? ಮೂತ್ರ ಸಣ್ಣಗೆ, ತಡೆದು ತಡೆದು ಬರುತ್ತದಾ? ಕೇಳಿದರೆ "ವಯಸ್ಸಾಯ್ತಲ್ಲ, ಬಿಡು" ಅಂತಾರೆ. ಕಂಪಲಾಪುರಕ್ಕೆ ಹೊಗೆಸೊಪ್ಪಿನ ಹರಾಜಿಗೆ ಹೊರಟರೆ ನೀರೇ ಕುಡಿಯೋದಿಲ್ಲ. ದಾರಿಯಲ್ಲಿ ಅವಸರವಾದರೆ ಏನು ಮಾಡೋದು ಅನ್ನೋ ಭಯ.

ಇದು ಸುಮ್ಮನೆ ಬಿಡುವ ಮಾತಲ್ಲ. ಸಕ್ಕರೆ ಕಾಯಿಲೆಯಿಂದಲೂ ಹೀಗಾಗಬಹುದು. ಇನ್ನೊಂದು ಕಾರಣ ಪ್ರಾಸ್ಟೇಟ್ ಗ್ರಂಥಿ.

ಏನಿದು ಪ್ರಾಸ್ಟೇಟ್?

ಇದು ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಚೀಲದ ಕೆಳಗೆ ಇರುತ್ತದೆ. ದೊಡ್ಡ ಬೆಟ್ಟದ ನೆಲ್ಲಿಕಾಯಿಯಷ್ಟು ಗಾತ್ರ. ಮೂತ್ರದ ನಾಳ ಇದರ ನಡುವೆ ಹಾದುಹೋಗುತ್ತದೆ. ಐವತ್ತು ವರ್ಷ ದಾಟಿದ ಬಹಳ ಜನರಿಗೆ ಈ ಗ್ರಂಥಿ ದಪ್ಪವಾಗುತ್ತದೆ. ಆಗ ನಾಳ ಒತ್ತಿಕೊಳ್ಳುತ್ತದೆ. ನೀರಿನ ಪೈಪನ್ನು ಕಾಲಿನಲ್ಲಿ ತುಳಿದರೆ ನೀರು ಸಣ್ಣಗೆ ಬರುತ್ತದಲ್ಲ, ಹಾಗೆ.

ಗ್ರಂಥಿ ದಪ್ಪವಾದರೆ ಅದು ಕ್ಯಾನ್ಸರ್ ಅಂತ ಅಲ್ಲ. ಆದರೆ ಕೆಲವರಿಗೆ ಇದೇ ಗ್ರಂಥಿಯಲ್ಲಿ ಕ್ಯಾನ್ಸರ್ ಬರುತ್ತದೆ. ಯಾವುದು ಅಂತ ಪರೀಕ್ಷೆ ಮಾಡಿಯೇ ತಿಳಿಯಬೇಕು.

ಡಾಕ್ಟರು ಹೇಗೆ ನೋಡುತ್ತಾರೆ?

ಮೊದಲು ಪ್ರಶ್ನೆ ಕೇಳುತ್ತಾರೆ. ಎಷ್ಟು ಸಲ ಹೋಗುತ್ತೀರಿ? ಉರಿ ಇದೆಯಾ? ರಕ್ತ ಬಂದಿದೆಯಾ? ಹೊಟ್ಟೆ ಮುಟ್ಟಿ ನೋಡುತ್ತಾರೆ. ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ ಮಾಡಿಸುತ್ತಾರೆ.

ಆಮೇಲೆ ಬೆರಳಿನ ಪರೀಕ್ಷೆ. ಗಂಡಸರು ಹೆದರೋದು ಇದಕ್ಕೇ. ಡಾಕ್ಟರು ಮೊದಲು ಹೇಳಿ, ಒಪ್ಪಿಗೆ ಕೇಳಿಯೇ ಮಾಡಬೇಕು. ಪರದೆ ಎಳೆದಿರುತ್ತಾರೆ. ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲು ಮಡಚಿಸುತ್ತಾರೆ. ಡಾಕ್ಟರು ಗ್ಲೌಸ್ ಹಾಕಿ, ಬೆರಳಿಗೆ ಜಾರುವ ಜೆಲ್ಲಿ ಹಚ್ಚುತ್ತಾರೆ. ಮಲದ್ವಾರದೊಳಗೆ ನಿಧಾನವಾಗಿ ಒಂದು ಬೆರಳು ಇಟ್ಟು ನೋಡುತ್ತಾರೆ. ಪ್ರಾಸ್ಟೇಟ್ ಅದರ ಮುಂದೆಯೇ ಇರುವುದರಿಂದ ಬೆರಳಿಗೆ ಸಿಗುತ್ತದೆ.

ಗ್ರಂಥಿ ಎಷ್ಟು ದಪ್ಪ ಇದೆ, ನುಣುಪಾಗಿದೆಯಾ, ಗಟ್ಟಿ ಗಂಟು ಇದೆಯಾ, ಮುಟ್ಟಿದರೆ ನೋವಾ ಅಂತ ತಿಳಿಯುತ್ತದೆ. ಒಂದೆರಡು ನಿಮಿಷದ ಕೆಲಸ. ಚಾಕು ಇಲ್ಲ, ಇಂಜೆಕ್ಷನ್ ಇಲ್ಲ. ಸ್ವಲ್ಪ ಇರುಸುಮುರುಸು ಆಗುತ್ತದೆ, ಅಷ್ಟೇ.

ಬೆರಳಿಗೆ ಎಲ್ಲವೂ ಸಿಗುವುದಿಲ್ಲ. ಅದಕ್ಕೇ ಬೇಕಾದರೆ ಪಿ.ಎಸ್.ಎ. ಎಂಬ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಮಾಡುತ್ತಾರೆ. ಮೂತ್ರ ಹೊಯ್ದ ಮೇಲೆ ಚೀಲದಲ್ಲಿ ಎಷ್ಟು ಉಳಿದಿದೆ ಅಂತ ಅದರಲ್ಲಿ ಕಾಣುತ್ತದೆ. ಅನುಮಾನ ಬಂದರೆ ಗ್ರಂಥಿಯ ಸಣ್ಣ ಚೂರು ತೆಗೆದು ಪರೀಕ್ಷಿಸುತ್ತಾರೆ.

ಗ್ರಂಥಿ ಬರೀ ದಪ್ಪವಾಗಿದ್ದರೆ ಬಹಳ ಜನರಿಗೆ ಮಾತ್ರೆ ಸಾಕು. ಕೆಲವರಿಗೆ ಮಾತ್ರ ಆಪರೇಷನ್ ಬೇಕು. ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೇ ಅದನ್ನು ಮಾಡಬಹುದು.

ಎಲ್ಲಿಗೆ ಹೋಗಬೇಕು?

ಪಿರಿಯಾಪಟ್ಟಣ, ಹುಣಸೂರಿನಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಹೆಚ್ಚಿನ ಪರೀಕ್ಷೆ ಬೇಕಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆ ಇದೆ. ಕ್ಯಾನ್ಸರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ. 2018ರಲ್ಲಿ ಶುರುವಾದ ಆರೋಗ್ಯ ಕರ್ನಾಟಕ ಯೋಜನೆಯ ಸಹಾಯ ಸಿಗುತ್ತದಾ ಅಂತ ಆಸ್ಪತ್ರೆಯಲ್ಲೇ ಕೇಳಿ.

ಒಂದು ಮಾತು ಮರೆಯಬೇಡಿ. ಮೂತ್ರ ಪೂರ್ತಿ ಕಟ್ಟಿಕೊಂಡು ಕೆಳಹೊಟ್ಟೆ ಉಬ್ಬಿ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ನಳಿಕೆ ಹಾಕಿ ಮೂತ್ರ ತೆಗೆಯುತ್ತಾರೆ. ಮೂತ್ರದಲ್ಲಿ ರಕ್ತ ಕಂಡರೂ ತಡ ಮಾಡಬೇಡಿ.

ಮಾವನ ಹತ್ತಿರ ಸೊಸೆ ಇದನ್ನು ಕೇಳೋದು ಕಷ್ಟ. ಅತ್ತೆಗೆ ಹೇಳಿ. ಇಲ್ಲವೇ ಗಂಡನಿಗೆ ಹೇಳಿ, "ನೀವೇ ಅಪ್ಪನನ್ನು ಕರೆದುಕೊಂಡು ಹೋಗಿ" ಅನ್ನಿ. ನಾವು ಹೆರಿಗೆಗೆ, ಗರ್ಭಕೋಶದ ಪರೀಕ್ಷೆಗೆ ನಾಚಿಕೆ ಬದಿಗಿಟ್ಟು ಹೋಗಲಿಲ್ಲವಾ? ಗಂಡಸರೂ ಹೋಗಲಿ.