ಐವತ್ತು ರೂಪಾಯಿಯ ಪರೀಕ್ಷೆ, ಹದಿನೆಂಟು ಕೋಟಿಯ ಚಿಕಿತ್ಸೆ

ನಾಗಪುರ ಮೆಟ್ರೋದ ಎರಡು ಮಾರ್ಗಗಳು ಕೂಡುವ ಜಾಗ ಸೀತಾಬರ್ಡಿ. ಖಾಸಗಿ ಆಸ್ಪತ್ರೆಗಳು ಸಾಲುಗಟ್ಟಿದ ಧಂತೋಲಿ, ರಾಮದಾಸಪೇಟೆ ಇಲ್ಲಿಗೆ ತೀರಾ ಹತ್ತಿರ. ಊರಿನವರು ಬರೀ ‘ಮೆಡಿಕಲ್’, ‘ಮೇಯೋ’ ಎಂದು ಕರೆಯುವ ಎರಡು ದೊಡ್ಡ ಸರ್ಕಾರಿ ಆಸ್ಪತ್ರೆಗಳೂ ದೂರವಿಲ್ಲ. ಗಡಚಿರೋಲಿ, ಚಂದ್ರಾಪುರ, ಗೋಂದಿಯಾ ಕಡೆಯ ಸಿಕಲ್ ಸೆಲ್ ರೋಗಿಗಳಿಗೆ ದೊಡ್ಡಾಸ್ಪತ್ರೆ ಎಂದರೆ ನಾಗಪುರವೇ. ಇಲ್ಲಿ ಯಾರನ್ನು ಕೇಳಿದರೂ ‘ಎ.ಎಸ್. ಪ್ಯಾಟರ್ನ್’, ‘ಎಸ್.ಎಸ್. ಪ್ಯಾಟರ್ನ್’ ಎಂದೇ ಹೇಳುತ್ತಾರೆ. ಮೊದಲನೆಯವರು ವಾಹಕರು, ಎರಡನೆಯವರು ರೋಗಿಗಳು.

ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ನಾಗಪುರದ ವೈದ್ಯರಾದ ಶುಕ್ಲಾ ಮತ್ತು ಸೋಲಂಕಿ ಮಧ್ಯಭಾರತದಲ್ಲೂ ಇದು ಇದೆಯೆಂದು 1958ರಲ್ಲಿ ತೋರಿಸಿಕೊಟ್ಟರು. ಕೆಂಪು ರಕ್ತಕಣ ಸಾಮಾನ್ಯವಾಗಿ 120 ದಿನ ಬದುಕುತ್ತದೆ. ಸಿಕಲ್ ಕಣಕ್ಕೆ 10ರಿಂದ 20 ದಿನವಷ್ಟೇ ಆಯಸ್ಸು. ಅದು ಬಾಗಿ, ಬಿರುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಕೈಕಾಲು, ಎದೆ, ಬೆನ್ನಿನಲ್ಲಿ ತಡೆಯಲಾಗದ ನೋವು ಏಳುತ್ತದೆ.

ಈ ರೋಗದಲ್ಲಿ ತೀರಾ ಅಗ್ಗದ್ದು ಪತ್ತೆ. ಪ್ರನಾಳದಲ್ಲಿ ರಾಸಾಯನಿಕ ದ್ರಾವಣ ಹಾಕಿ, ಬೆರಳ ತುದಿಯ ಒಂದು ಹನಿ ರಕ್ತ ಬೆರೆಸಿ, ಹಿಂದೆ ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಐದು ನಿಮಿಷದ ಮೇಲೂ ಗೆರೆ ಕಂಡರೆ ಸರಿ. ದ್ರಾವಣ ಕದಡಿ ಗೆರೆ ಮರೆಯಾದರೆ ಸಿಕಲ್ ಹಿಮೋಗ್ಲೋಬಿನ್ ಇದೆ ಎಂದರ್ಥ. ವಾಹಕರೋ ರೋಗಿಯೋ ಎಂಬುದು ಮುಂದಿನ ಪರೀಕ್ಷೆಯಲ್ಲಿ ತಿಳಿಯುತ್ತದೆ. ಸ್ಥಳದಲ್ಲೇ ಉತ್ತರ ಕೊಡುವ ಕಿಟ್‌ಗಳ ಬೆಲೆ ಸುಮಾರು 350 ರೂಪಾಯಿಯಿಂದ 50ಕ್ಕೂ ಕೆಳಗೆ ಇಳಿದಿದೆ.

ತೀರಾ ದುಬಾರಿಯಾದವುಗಳಲ್ಲಿ ಒಂದು ಅಮೆರಿಕದಲ್ಲಿ 2023ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ‘ಕ್ಯಾಸ್ಗೆವಿ’. ಒಬ್ಬ ರೋಗಿಗೆ 22 ಲಕ್ಷ ಡಾಲರ್. ಡಾಲರಿಗೆ 83 ರೂಪಾಯಿ ಹಿಡಿದರೂ 18 ಕೋಟಿ ದಾಟುತ್ತದೆ. ಆ ಹಣದಲ್ಲಿ 50 ರೂಪಾಯಿಯ ಪರೀಕ್ಷೆಯನ್ನು 36 ಲಕ್ಷ ಜನರಿಗೆ ಮಾಡಬಹುದು. 2011ರ ಜನಗಣತಿಯಲ್ಲಿ ನಾಗಪುರ ನಗರದ ಒಟ್ಟು ಜನ ಸುಮಾರು 24 ಲಕ್ಷ. ಜೀನ್ ಚಿಕಿತ್ಸೆ ಬೇಡವೆಂದಲ್ಲ. ಆದರೆ ಸುದ್ದಿಯಲ್ಲೆಲ್ಲ ಅದೇ ತುಂಬಿಕೊಂಡು, ನಡುವಿನ ಒಂದು ಕ್ಯಾಪ್ಸೂಲ್ ಯಾರ ಗಮನಕ್ಕೂ ಬರುತ್ತಿಲ್ಲ ಎಂಬುದು ನನ್ನ ತಕರಾರು.

ಅದು ಹೈಡ್ರಾಕ್ಸಿಯೂರಿಯಾ. ನಾಗಪುರದ ‘ಮೆಡಿಕಲ್’ನಲ್ಲಿ ಡಾ. ದೀಪ್ತಿ ಜೈನ್ ಮತ್ತು ಸಂಗಡಿಗರು ತೀವ್ರ ರೋಗವಿದ್ದ 60 ಮಕ್ಕಳ ಮೇಲೆ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ, ಅಂದರೆ ಕಡಿಮೆ ಪ್ರಮಾಣದಲ್ಲಿ ಔಷಧಿ ಕೊಟ್ಟ ಮಕ್ಕಳಿಗೆ ವರ್ಷಕ್ಕೆ ಸುಮಾರು 12 ಸಲ ಬರುತ್ತಿದ್ದ ನೋವಿನ ದಾಳಿ ಒಂದಕ್ಕೂ ಕೆಳಗಿಳಿಯಿತು. 25 ಕಿಲೋ ತೂಕದ ಮಗುವಿಗೆ ಈ ಲೆಕ್ಕದಲ್ಲಿ ದಿನಕ್ಕೆ ಬೇಕಾದದ್ದು 250 ಮಿಲಿಗ್ರಾಂ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಕ್ಯಾಪ್ಸೂಲ್ 500ರದ್ದು. ಸಿರಪ್ ಬೇಕೆನ್ನುವುದು ಇದೇ ಕಾರಣಕ್ಕೆ. ಹೊರದೇಶದಲ್ಲಿ 77,000 ರೂಪಾಯಿ ಬೀಳುವ ಈ ದ್ರವೌಷಧವನ್ನು 600 ರೂಪಾಯಿಗೆ ಕೊಡುವುದಾಗಿ 2024ರಲ್ಲಿ ಭಾರತದ ಆಕಮ್ಸ್ ಕಂಪನಿ ಪ್ರಕಟಿಸಿತು.

ಕ್ಯಾಪ್ಸೂಲ್ ನುಂಗಿದರಷ್ಟೇ ಸಾಲದು, ರಕ್ತಕಣಗಳ ಎಣಿಕೆಯನ್ನು ಆಗಾಗ ಮಾಡಿಸಬೇಕು. ಬಡವರಿಗೆ ಕಷ್ಟವಾಗುವುದು ಇಲ್ಲೇ. ಸಿಕಲ್ ಸೆಲ್, ಥಲಸ್ಸೀಮಿಯಾ, ಹಿಮೋಫಿಲಿಯಾ ರೋಗಿಗಳಿಗೆ ರಕ್ತವನ್ನು ಉಚಿತವಾಗಿ ಕೊಡಬೇಕೆಂಬ ನೀತಿ ಇದೆ. ಆದರೆ ಆಸ್ಪತ್ರೆಗೆ ಹೋಗಿಬರುವ ಖರ್ಚು ತಪ್ಪದು. ಗಡಚಿರೋಲಿಯಿಂದ ನಾಗಪುರ ಸುಮಾರು 170 ಕಿಲೋಮೀಟರ್. ಮಹಾರಾಷ್ಟ್ರದ 2025-26ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 312 ರೂಪಾಯಿ. ರೋಗಿ ಮತ್ತು ಜೊತೆಗೆ ಬಂದವರು ತಿಂಗಳಿಗೊಂದು ದಿನದಂತೆ ಕಳೆದುಕೊಂಡರೆ ವರ್ಷಕ್ಕೆ 7,488 ರೂಪಾಯಿ ಕೂಲಿಯೇ ಹೋಯಿತು. ಬಸ್ ಚಾರ್ಜು, ಊಟ ಬೇರೆ. ಪ್ರಧಾನಿ 2022ರ ಡಿಸೆಂಬರ್ 11ರಂದು ನಾಗಪುರದಲ್ಲಿ ದೇಶಕ್ಕೆ ಅರ್ಪಿಸಿದ ಚಂದ್ರಾಪುರದ ಹಿಮೋಗ್ಲೋಬಿನ್ ರೋಗಗಳ ಕೇಂದ್ರದಂಥವು ಇನ್ನಷ್ಟು ಬೇಕಿರುವುದು ಇದಕ್ಕೇ.

ಇನ್ನೊಂದು ರಕ್ತರೋಗವಾದ ಥಲಸ್ಸೀಮಿಯಾದ ಲೆಕ್ಕ ಬೇರೆ. ಅಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಒಂದು ಯೂನಿಟ್‌ನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಒಳಗೆ ಹೋಗುತ್ತದೆ. ದೇಹ ತಾನಾಗಿ ಹೊರಹಾಕುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಹಾಗಾಗಿ ರಕ್ತ ಉಚಿತವಾಗಿ ಸಿಕ್ಕರೂ ಕಬ್ಬಿಣ ಇಳಿಸುವ ಮಾತ್ರೆಯ ಖರ್ಚು ತಪ್ಪದು. ಅಸ್ಥಿಮಜ್ಜೆ ಕಸಿಗೆ ಕೋಲ್ ಇಂಡಿಯಾದ ಯೋಜನೆಯಲ್ಲಿ 10 ಲಕ್ಷದವರೆಗೆ ನೆರವಿದೆ.

2023ರ ಜುಲೈ 1ರಂದು ಶುರುವಾದ ಸಿಕಲ್ ಸೆಲ್ ನಿರ್ಮೂಲನ ಅಭಿಯಾನದ ಗುರಿ ಕರ್ನಾಟಕವೂ ಸೇರಿ 17 ರಾಜ್ಯಗಳ 7 ಕೋಟಿ ಜನರ ತಪಾಸಣೆ. 2025ರ ಮಧ್ಯದ ಹೊತ್ತಿಗೆ 6 ಕೋಟಿಗೂ ಹೆಚ್ಚು ಜನರ ತಪಾಸಣೆ ಮುಗಿದು, 2 ಲಕ್ಷಕ್ಕೂ ಹೆಚ್ಚು ರೋಗಿಗಳು, 16 ಲಕ್ಷಕ್ಕೂ ಹೆಚ್ಚು ವಾಹಕರು ಪತ್ತೆಯಾಗಿದ್ದರು. ಒಬ್ಬ ರೋಗಿಗೆ ಎಂಟು ವಾಹಕರು ಎಂದಿಟ್ಟುಕೊಳ್ಳಿ. ವಾಹಕರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಇರುವುದಿಲ್ಲ, ಆದ್ದರಿಂದಲೇ ಅವರು ಪರೀಕ್ಷೆಗೆ ಬರುವುದಿಲ್ಲ. ಇಬ್ಬರೂ ವಾಹಕರಾದ ದಂಪತಿಗೆ ಪ್ರತಿ ಗರ್ಭದಲ್ಲೂ ರೋಗದ ಮಗು ಹುಟ್ಟುವ ಸಾಧ್ಯತೆ ಶೇ. 25. ಮೊದಲ ಮಗುವಿಗೆ ಬಂದುಬಿಟ್ಟರೆ ಉಳಿದ ಮೂರಕ್ಕೆ ಬರದು ಎಂಬ ನಂಬಿಕೆ ತಪ್ಪು.

ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿಗಳಲ್ಲೂ ಈ ರೋಗವಿದೆ. ಅಭಿಯಾನದ ತಪಾಸಣೆ 40 ವರ್ಷದವರೆಗಿನವರಿಗೆ ಉಚಿತ. ಮದುವೆಯ ಮಾತುಕತೆಗೆ ಮುನ್ನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಪರೀಕ್ಷೆ ಮಾಡಿಸಿಕೊಂಡು ಅದರ ಫಲಿತಾಂಶದ ಕಾರ್ಡ್ ಪಡೆಯಿರಿ.